ವಾಸಿಯಾಗದೆ ಹೇಳಿದ ಸಾಕ್ಷಿ

ನಮ್ಮ ಮನೆಯವರ ಹಳೆಯ ಸಕ್ಕರೆ ಕಾಯಿಲೆ ಕಿಡ್ನಿಗೆ ಮುಟ್ಟಿ, ದಾವಣಗೆರೆಯಲ್ಲೇ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ 2 ಸಲ, ಪ್ರತಿ ಸಲ 4 ಗಂಟೆ.

ಅದಕ್ಕೂ ಮೊದಲು ಚರ್ಚಿನ ಭಾನುವಾರದ ಆರಾಧನೆಯಲ್ಲಿ ಸಾಕ್ಷಿ ಹೇಳಲು, ಅಂದರೆ ದೇವರು ನಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳಲು, ನಾನೇ ಮುಂದೆ ಏಳುತ್ತಿದ್ದೆ. ಆಮೇಲೆ ಸುಮ್ಮನಾದೆ. ಇವರು ವಾಸಿಯಾದ ಮೇಲೆ ಹೇಳೋಣ ಅಂದುಕೊಂಡೆ. ನಮ್ಮಲ್ಲಿ ಸಾಕ್ಷಿ ಅಂದರೆ ಕಷ್ಟ ಮುಗಿದವರು ಹೇಳುವುದು ಅಲ್ವಾ? ಸಭೆಯವರೊಬ್ಬರು "ನಿಮ್ಮ ನಂಬಿಕೆ ಸಾಲದಮ್ಮ" ಅಂದುಬಿಟ್ಟರು. ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಬೈಬಲಿನ ಅಪೊಸ್ತಲ ಪೌಲನೂ ಶರೀರದ ಮುಳ್ಳು ಎಂದು ಕರೆದ ತನ್ನ ಬಾಧೆ ಹೋಗಲೆಂದು 3 ಸಲ ಬೇಡಿಕೊಂಡ, ಅದು ಹೋಗಲಿಲ್ಲ. ಅವನಿಗೆ ನಂಬಿಕೆ ಕಡಿಮೆ ಇತ್ತೇ?

ಆಗ ನಾನು ಹಿಡಿದದ್ದು ಒಂದೇ ಅಭ್ಯಾಸ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಬೈಬಲಿನ ಒಂದು ಕೀರ್ತನೆ ಓದುವುದು, ಬಾಯಿಬಿಟ್ಟು, ಇವರಿಗೂ ಕೇಳುವ ಹಾಗೆ. ಮನಸ್ಸಿನಲ್ಲೇ ಓದಿದರೆ ಎರಡನೇ ಸಾಲಿಗೇ ಆಸ್ಪತ್ರೆ ಬಿಲ್ಲು ನೆನಪಾಗುತ್ತಿತ್ತು. 88ನೇ ಕೀರ್ತನೆ ಓದಿದ ದಿನ ಅಲ್ಲೇ ಕೂತುಬಿಟ್ಟೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲ. ಆದರೂ ಬೆಳಗಾದರೆ ನಿನಗೇ ಮೊರೆಯಿಡುತ್ತೇನೆ ಅನ್ನುತ್ತಾನೆ ಆ ಭಕ್ತ. ದೇವರ ಹತ್ತಿರ ಹೀಗೂ ಮಾತಾಡಬಹುದು ಅನ್ನುವುದೇ ನನಗೆ ಬಲ ಕೊಟ್ಟಿತು.

ಬೇಸಿಗೆ ಬಂತು. ಕಿಡ್ನಿ ಕೆಟ್ಟವರಿಗೆ ಕುಡಿಯುವ ನೀರಿಗೂ ಲೆಕ್ಕ. ಚಹಾ, ಸಾರು, ಮಜ್ಜಿಗೆ ಸೇರಿ ದಿನಕ್ಕೆ 1 ಲೀಟರ್ ದಾಟಬಾರದು ಎಂದು ಡಾಕ್ಟರು ಹೇಳಿದ್ದರು. ಬೆಳಿಗ್ಗೆ ಬಾಟಲಿ ತುಂಬಿಸಿಡುತ್ತಿದ್ದೆ. ಅರ್ಧ ಲೋಟ ಚಹಾ ಕೊಟ್ಟರೆ ಅಷ್ಟೇ ನೀರನ್ನು ಬಾಟಲಿಯಿಂದ ತುಳಸಿ ಪಕ್ಕದ ಕರಿಬೇವಿಗೆ ಸುರಿಯುತ್ತಿದ್ದೆ. ಒಂದು ರಾತ್ರಿ ಬಾಟಲಿ ಖಾಲಿ, ಇವರ ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಚಮಚದಲ್ಲಿ ಒಂದು ಚೂರು ಐಸ್ ಇಟ್ಟೆ. ಅದನ್ನು ಚೀಪುತ್ತಾ, "ಯೇಸುಸ್ವಾಮಿಗೂ ಶಿಲುಬೆ ಮೇಲೆ ನೀರಡಿಕೆ ಆಗಿತ್ತಲ್ವೇನೇ" ಅಂದರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಆ ಭಾನುವಾರ ಎದ್ದು ನಿಂತು ಅದನ್ನೇ ಹೇಳಿದೆ. ವಾಸಿಯಾಗಿಲ್ಲ, ದುಡ್ಡಿಲ್ಲ, ನನಗೆ ಸಿಟ್ಟೂ ಇದೆ, ಆದರೆ ನೀರಡಿಸಿದ ದೇವರು ನಮ್ಮ ಮನೆಯಲ್ಲಿದ್ದಾನೆ. ಕೂಟ ಮುಗಿದ ಮೇಲೆ ಇಬ್ಬರು ಹೆಂಗಸರು ಕೈ ಹಿಡಿದು ತಮ್ಮ ಕಷ್ಟ ಹೇಳಿಕೊಂಡರು. ವರ್ಷಗಟ್ಟಲೆ ಪಕ್ಕದಲ್ಲೇ ಕೂತಿದ್ದವರು, ನನಗೆ ಏನೂ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ನಾನಾಗಿ ಯಾರಿಗೂ ಬೋಧನೆ ಮಾಡಲಿಲ್ಲ. ನೋವಿನಲ್ಲಿರುವವರ ಮೇಲೆ ಮಾತು ಹೇರಬಾರದು. ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಿ, ಅದೂ ಸಾತ್ವಿಕವಾಗಿ ಎಂದು ಯೇಸುವಿನ ಶಿಷ್ಯ ಪೇತ್ರನೂ ಬರೆದಿದ್ದಾನೆ. ಬೆಂಚಿನ ಮೇಲೆ ಸತ್ಯವೇದ ಬಿಚ್ಚಿ ಮೆಲ್ಲಗೆ ಓದುತ್ತಿದ್ದೆ, ಅಷ್ಟೆ. ಮಗನನ್ನು ಕರೆತರುತ್ತಿದ್ದ ಅಜ್ಜಿಯೊಬ್ಬರು ಒಂದು ದಿನ ಕೇಳಿಯೇಬಿಟ್ಟರು.

"ಏನ್ ಓದ್ತೀಯವ್ವಾ? ಸೆಪ್ಟೆಂಬರ್ 8ಕ್ಕೆ ಹರಿಹರದ ಚರ್ಚಿನ ಆರೋಗ್ಯಮಾತೆ ಜಾತ್ರೆಗೆ ನಾನೂ ಹೋಗೀನಿ. ಮತ್ತೆ ನಿನ್ ಗಂಡನ್ನ ನಿಮ್ ದೇವ್ರು ಯಾಕೆ ವಾಸಿ ಮಾಡ್ಲಿಲ್ಲ?"

"ಗೊತ್ತಿಲ್ಲಜ್ಜಿ. ದಿನಾ ಅದನ್ನೇ ಕೇಳ್ತೀನಿ. ಆದ್ರೆ ಆತ ನಮ್ ಕೈ ಬಿಟ್ಟಿಲ್ಲ," ಅಂದೆ. ಐಸಿನ ಕಥೆಯನ್ನೂ ಹೇಳಿದೆ.

ಅಜ್ಜಿ ತುಂಬಾ ಹೊತ್ತು ಮಾತಾಡಲಿಲ್ಲ. ಮುಂದಿನ ವಾರ ಬಂದವರೇ ಪಕ್ಕದಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ಆ ನೀರಡಿಕೆದು ಎಲ್ಲೈತೆ, ಅದನ್ನ ಓದವ್ವಾ" ಅಂದರು. ಯೋಹಾನನ ಸುವಾರ್ತೆ 19ನೇ ಅಧ್ಯಾಯ ತೆಗೆದು ಓದಿದೆ.