ಸಿಎಸ್‌ಆರ್ ಹಣದಲ್ಲಿ ಕೆರೆ ಹೂಳೆತ್ತುವ ಕ್ರಮ: ನನ್ನ ಅನುಭವ

ಕೋಲಾರ ಸೀಮೆಯಲ್ಲಿ ಕೆರೆ ಹೂಳೆತ್ತಲು ವರ್ಷಕ್ಕೆ ಸಿಗುವುದು ಹೆಚ್ಚೆಂದರೆ ಮೂರು ತಿಂಗಳು. ಹಿಂಗಾರು ಕಳೆದು, ಕೆರೆಯಂಗಳ ಒಣಗಿ, ಹಿಟಾಚಿ ಹೂತುಹೋಗದಷ್ಟು ನೆಲ ಗಟ್ಟಿಯಾಗುವಾಗ ಫೆಬ್ರವರಿ ಕೊನೆ. ಮೇ ತಿಂಗಳಲ್ಲಿ ಎರಡು ಜೋರು ಮಳೆ ಬಿದ್ದರೆ ಕೆಲಸ ನಿಂತಿತು. ಕೆಲಸಕ್ಕೆ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಕೊಡುವ ಕಂಪನಿಯ ಲೆಕ್ಕದ ವರ್ಷ ಮಾತ್ರ ಇದರ ನಟ್ಟನಡುವೆ, ಮಾರ್ಚ್ 31ಕ್ಕೆ ಮುಗಿಯುತ್ತದೆ. ಕೆರೆ ಕೆಲಸ ಕೆಡುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಈ ಜಾಗದಲ್ಲೇ. ಹಣ ಮುಗಿಸುವ ಅವಸರಕ್ಕೆ ನಾಲ್ಕು ಯಂತ್ರ ಇಳಿಸಿ, ಅಳತೆಯಿಲ್ಲದೆ ಅಗೆದು, ಮಣ್ಣನ್ನು ದಡದಲ್ಲೇ ಗುಡ್ಡೆ ಹಾಕಿದರೆ ಅದು ಮುಂದಿನ ಮಳೆಗೆ ಮರಳಿ ಕೆರೆಗೇ ಇಳಿಯುತ್ತದೆ.

ಕಾನೂನು ಹೀಗೆ ಅವಸರ ಮಾಡಿ ಎಂದು ಹೇಳಿಯೇ ಇಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ಹಿಂದಿನ ವರ್ಷ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಯಾವುದೊಂದನ್ನು ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಖರ್ಚಾಗದೆ ಉಳಿದ ಹಣಕ್ಕೆ ಎರಡು ದಾರಿ. ಯೋಜನೆಯನ್ನು ‘ಚಾಲ್ತಿ ಯೋಜನೆ’ (ಒಂದಕ್ಕಿಂತ ಹೆಚ್ಚು ವರ್ಷ ನಡೆಯುವಂಥದ್ದು) ಎಂದು ನಿರ್ದೇಶಕ ಮಂಡಳಿ ಮೊದಲೇ ಗುರುತಿಸಿದ್ದರೆ ಉಳಿಕೆಯನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ ಮೂರು ಹಣಕಾಸು ವರ್ಷಗಳೊಳಗೆ ಬಳಸಬಹುದು. ಗುರುತಿಸಿರದಿದ್ದರೆ ಸೆಪ್ಟೆಂಬರ್ 30ರೊಳಗೆ ಇದೇ ಕಾಯ್ದೆಯ ಏಳನೇ ಅನುಸೂಚಿಯಲ್ಲಿರುವ ನಿಧಿಗೆ ಕಟ್ಟಬೇಕು. ಹಾಗಾಗಿ ಕೆರೆ ಕೆಲಸವನ್ನು ನಾವು ಮೊದಲ ಸಭೆಯಲ್ಲೇ ಎರಡು ವರ್ಷದ ಚಾಲ್ತಿ ಯೋಜನೆ ಎಂದು ನಿರ್ಣಯಕ್ಕೆ ಬರೆಸುತ್ತೇವೆ. ಮಾರ್ಚ್ ಕೊನೆಯಲ್ಲಿ, ಕೆಲಸ ಮಾಡಿಸುವ ಸಂಸ್ಥೆಯೊಂದಕ್ಕೆ ಪೂರ್ತಿ ಹಣ ದಾಟಿಸಿ ‘ಖರ್ಚಾಯಿತು’ ಎಂದು ತೋರಿಸುವುದೂ ನಡೆಯುವುದಿಲ್ಲ. ಆ ಸಂಸ್ಥೆ ಕೆಲಸಕ್ಕೆ ಬಳಸಿದ ಮೇಲಷ್ಟೇ ಅದು ಖರ್ಚು, ಅದನ್ನು ಹಣಕಾಸು ಮುಖ್ಯಸ್ಥರು ಮಂಡಳಿಗೆ ದೃಢೀಕರಿಸಬೇಕು.

ಅದಕ್ಕೂ ಮುಂಚಿನ ಮಾತೊಂದಿದೆ. ಕಾರ್ಖಾನೆಯದೇ ಕೊಳಚೆ ಆ ಕೆರೆಗೆ ಹರಿಯುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು, ಆ ಖರ್ಚನ್ನು ಸಿಎಸ್‌ಆರ್‌ಗೆ ಬರೆಯುವಂತಿಲ್ಲ. ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸ ಸಿಎಸ್‌ಆರ್ ಅಲ್ಲ ಎಂದು ನಿಯಮವೇ ಹೇಳುತ್ತದೆ. ನಿಯಮ ಹೇಳದಿದ್ದರೂ ನನ್ನ ಅಭಿಪ್ರಾಯ ಅದೇ.

ಜುಲೈನಲ್ಲಿ ಕಾಗದ ಶುರು. ಅಚ್ಚುಕಟ್ಟು (ಕೆರೆಯ ನೀರು ಹರಿಯುವ ಜಮೀನು) 40 ಹೆಕ್ಟೇರ್‌ಗಿಂತ ಕಡಿಮೆಯಿದ್ದರೆ ಪಂಚಾಯತ್ ರಾಜ್ ಕಡೆ, ಅದಕ್ಕಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಗೆ ಹೋಗಬೇಕು. ಪಹಣಿ, ಗ್ರಾಮ ನಕಾಶೆ ತೆಗೆಸಿ, ತಾಲ್ಲೂಕು ಸರ್ವೆಯರ್ ಕೈಲಿ ಹದ್ದುಬಸ್ತು (ಗಡಿ ಗುರುತು) ಮಾಡಿಸಿ, ಗ್ರಾಮಸಭೆಯ ನಿರ್ಣಯ ಪಡೆಯುತ್ತೇವೆ. ಒತ್ತುವರಿ ಇದ್ದರೆ ತಹಶೀಲ್ದಾರರು ತೆರವು ಮಾಡಿಸುವವರೆಗೆ ಆ ಮೂಲೆಗೆ ಯಂತ್ರ ಹೋಗಕೂಡದು. ಕಂಪನಿಯ ಯಂತ್ರ ರೈತರ ಬೆಳೆ ತುಳಿದರೆ ಊರು ಎರಡಾಗುತ್ತದೆ.

ಅಗೆಯುವ ಮೊದಲು ನೋಡಬೇಕಾದದ್ದು ರಾಜಕಾಲುವೆ. ನೀರು ಬರುವ ದಾರಿಯಲ್ಲಿ ಬಳ್ಳಾರಿ ಜಾಲಿ ಬೆಳೆದು, ಮೋರಿ ಮುಚ್ಚಿದ್ದರೆ ಎಷ್ಟು ಹೂಳೆತ್ತಿದರೂ ಕೆರೆ ಒಣಗಿಯೇ ಇರುತ್ತದೆ. ಆಮೇಲೆ ಅಂಗಳದ ಐದಾರು ಕಡೆ ಗುಂಡಿ ತೋಡಿ ಮಣ್ಣಿನ ಬಣ್ಣ ನೋಡುತ್ತೇವೆ. ಮೇಲಿನ ಕಪ್ಪು ಗೋಡು (ಹೂಳುಮಣ್ಣು) ಮುಗಿದು ಗರಸು (ಕಲ್ಲುಮಿಶ್ರಿತ ಮಣ್ಣು) ಅಥವಾ ಹಳದಿ ಜೇಡಿ ಕಂಡಲ್ಲಿ ಅಗೆತ ನಿಲ್ಲಬೇಕು. ಏರಿಯ (ಕೆರೆಯ ಕಟ್ಟೆಯ) ಒಳಪಾದದಿಂದ 15 ಮೀಟರ್ ಒಳಗೆ ನಾವು ಬಕೆಟ್ ಹಾಕಿಸುವುದಿಲ್ಲ, ಏರಿಯ ಕಾಲು ಸಡಿಲಾಗುತ್ತದೆ. ತೂಬಿನ (ಗದ್ದೆಗೆ ನೀರು ಬಿಡುವ ಕಿಂಡಿಯ) ಮಟ್ಟಕ್ಕಿಂತ ಕೆಳಗೆ ಅಗೆದರೆ ಅಲ್ಲಿ ನಿಲ್ಲುವ ನೀರು ದನಕರುಗಳಿಗೆ ದಕ್ಕೀತು, ಗದ್ದೆಗೆ ಹರಿಯುವುದಿಲ್ಲ. ಇದನ್ನು ಅಚ್ಚುಕಟ್ಟಿನವರಿಗೆ ಮುಂಚೆಯೇ ಹೇಳಬೇಕು. ತುಂಬಿದ ಕೆರೆಯ ನೀರು ಹೊರಹರಿಯುವ ಕೋಡಿಯನ್ನಂತೂ ಒಂದಿಂಚೂ ಎತ್ತರಿಸಬಾರದು. ಎತ್ತರಿಸಿದರೆ ಹಿನ್ನೀರು ಮೇಲಿನವರ ಹೊಲಕ್ಕೆ ನುಗ್ಗುತ್ತದೆ.

ಇನ್ನು ಲೆಕ್ಕ. ಒಂದು ಎಕರೆಯಲ್ಲಿ ಒಂದಡಿ ಆಳ ಅಂದರೆ 1,233 ಘನ ಮೀಟರ್, ಅಷ್ಟು ಜಾಗದಲ್ಲಿ ಹಿಡಿಯುವ ನೀರು 12.33 ಲಕ್ಷ ಲೀಟರ್. ಅಗೆದ ಮಣ್ಣು ಸಡಿಲಾಗಿ ಕಾಲುಭಾಗದಷ್ಟು ಉಬ್ಬುವುದರಿಂದ, 3 ಘನ ಮೀಟರ್ ಹಿಡಿಯುವ ಟ್ರ್ಯಾಕ್ಟರ್‌ನಲ್ಲಿ ಸುಮಾರು 500 ಲೋಡ್ ಆಗುತ್ತದೆ. ಲೋಡ್ ಲೆಕ್ಕದಲ್ಲಿ ಬಿಲ್ ಕೊಟ್ಟರೆ ಅರೆತುಂಬಿದ ಟ್ರೇಲರ್‌ಗಳು ಓಡಾಡುತ್ತವೆ, ಗಂಟೆ ಲೆಕ್ಕದಲ್ಲಿ ಕೊಟ್ಟರೆ ಯಂತ್ರ ಸುಮ್ಮನೆ ಸದ್ದು ಮಾಡುತ್ತ ನಿಲ್ಲುತ್ತದೆ. ನಾವು ನಂಬುವುದು ಸಾಕ್ಷಿಗುಡ್ಡೆಯನ್ನು. ಪ್ರತಿ 30 ಮೀಟರ್‌ಗೆ ಒಂದರಂತೆ, ತಲೆ ಒಂದು ಮೀಟರ್ ಅಗಲವಿರುವ ದಿಬ್ಬವನ್ನು ಅಗೆಯದೆ ಬಿಡಿಸುತ್ತೇವೆ. ಅದರ ತಲೆಯೇ ಹಳೆಯ ನೆಲ. ಅಲ್ಲಿಂದ ಬುಡಕ್ಕೆ ಟೇಪ್ ಹಿಡಿದರೆ ಆಳ ಸಿಗುತ್ತದೆ, ಎಲ್ಲ ಗುಡ್ಡೆಗಳ ಸರಾಸರಿಯನ್ನು ವಿಸ್ತೀರ್ಣಕ್ಕೆ ಗುಣಿಸಿದರೆ ಬಿಲ್ ಸಿದ್ಧ. ಮೋಸ ಆಗುವುದು ತಲೆಯ ಮೇಲೆ ಅರ್ಧ ಅಡಿ ಮಣ್ಣು ಮೆತ್ತುವುದರಲ್ಲಿ. ಅಸಲಿ ತಲೆಯಲ್ಲಿ ಒಣಹುಲ್ಲಿನ ಬೇರು, ಬಿಸಿಲಿಗೆ ಬಿಟ್ಟ ಬಿರುಕು ಇರುತ್ತದೆ, ಮೆತ್ತಿದ್ದು ಹೆಬ್ಬೆರಳು ಒತ್ತಿದರೆ ಉದುರುತ್ತದೆ. ಮೊದಲ ದಿನವೇ ಸುಣ್ಣ ಬಳಿದು ಫೋಟೊ ತೆಗೆದಿಟ್ಟುಕೊಳ್ಳಬೇಕು. ಪೂರ್ತಿ ಅಳತೆ ಮುಗಿದು ಎಂಜಿನಿಯರ್ ಸಹಿ ಬಿದ್ದ ಮೇಲೇ ಗುಡ್ಡೆ ಕೆಡವಬೇಕು.

ಗೋಡು ರೈತರಿಗೆ. ಅಗೆದು ತುಂಬುವ ಖರ್ಚು ಕಂಪನಿಯದು, ಟ್ರ್ಯಾಕ್ಟರ್ ರೈತರದು. ಸಾಗಣೆ ಖರ್ಚು ಉಳಿಯುತ್ತದೆ, ಗುಡ್ಡೆ ಹಾಕುವ ತೊಂದರೆಯೂ ಇಲ್ಲ. ಹೊಲಕ್ಕೆ ಎರಡಿಂಚಿಗಿಂತ ದಪ್ಪ ಬೇಡ ಎನ್ನುತ್ತೇವೆ, ಅಂದರೆ ಎಕರೆಗೆ 70 ಲೋಡ್ ಸಾಕು. ಚೀಟಿ ಕೊಟ್ಟು ಹೆಸರು, ಸರ್ವೆ ನಂಬರ್, ಲೋಡ್ ಬರೆದಿಡಬೇಕು. ಚೀಟಿ ಇಲ್ಲದಿದ್ದರೆ ಮಣ್ಣು ರಾತ್ರೋರಾತ್ರಿ ಇಟ್ಟಿಗೆ ಗೂಡು ಸೇರುತ್ತದೆ. ನಗರದ ಕೊಳಚೆ ಬರುವ ಕೆರೆಯಾದರೆ ಪರೀಕ್ಷೆ ಆಗದೆ ಒಂದು ಬುಟ್ಟಿಯನ್ನೂ ಹೊಲಕ್ಕೆ ಕಳಿಸಬಾರದು.

ಅಂದಾಜಿನಲ್ಲಿ ಜಿಎಸ್‌ಟಿ ಸೇರಿಸುವುದು ಮರೆಯಬೇಡಿ. 2023ರ ಅಕ್ಟೋಬರ್‌ನಿಂದ ಸಿಎಸ್‌ಆರ್ ಖರ್ಚಿನ ಮೇಲಿನ ತೆರಿಗೆ ವಾಪಸ್ ಸಿಗುವುದಿಲ್ಲ. ಕಂಪನಿಯ ಸಿಎಸ್‌ಆರ್ ವಿಭಾಗದ ಆಡಳಿತ ವೆಚ್ಚ ವರ್ಷದ ಒಟ್ಟು ಸಿಎಸ್‌ಆರ್ ಖರ್ಚಿನ ಶೇ 5 ದಾಟಬಾರದು. ಸಂಸ್ಥೆಯ ಮೂಲಕ ಮಾಡಿಸುವುದಾದರೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಅದರ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಮೊದಲೇ ನೋಡಿಕೊಳ್ಳಿ.

ಬಜೆಟ್‌ನ ಒಂದು ಪಾಲನ್ನು ಎರಡನೇ ವರ್ಷಕ್ಕೆ ಎತ್ತಿಡುತ್ತೇವೆ. ಮೊದಲ ಮಳೆಗಾಲದಲ್ಲಿ ಏರಿ ಎಲ್ಲಿ ಜಿನುಗಿತು, ತೂಬಿನ ಬಾಯಿಗೆ ಎಷ್ಟು ಕಸ ಬಂತು ಎಂಬುದು ಗೊತ್ತಾಗುವುದು ಆಗಲೇ. ತೂಬಿನ ಪಕ್ಕ ಅಡಿಗಳ ಗುರುತಿರುವ ಕಲ್ಲು ನೆಟ್ಟು, ಜೂನ್‌ನಿಂದ ಡಿಸೆಂಬರ್‌ವರೆಗೆ ಪ್ರತಿ ಸೋಮವಾರ ನೀರಿನ ಮಟ್ಟ ಬರೆಯಲು ಊರಿನ ನೀರಗಂಟಿಗೆ (ಕೆರೆ ನೀರು ಬಿಡುವವನಿಗೆ) ಒಂದು ನೋಟ್‌ಬುಕ್ ಕೊಡುತ್ತೇವೆ. ಆ ಪುಸ್ತಕ ಪಂಚಾಯಿತಿ ಕಚೇರಿಯಲ್ಲೇ ಇರುತ್ತದೆ, ನಮ್ಮ ವರದಿಗೆ ಅದರ ನಕಲು ಸಾಕು.