ದಸರೆಗೆ ನೆಂಟರು ಬರುವ ಮುನ್ನ: ಮನೆಯ ಹಿರಿಯರ ಆರೋಗ್ಯ ಕಾಯುವುದು ಹೇಗೆ?

ದಸರೆಯ ದಿನಗಳಲ್ಲಿ ಮೈಸೂರಿನ ಎಷ್ಟೋ ಮನೆಗಳ ಬಾಗಿಲು ಮುಚ್ಚುವುದೇ ಇಲ್ಲ. ಬೊಂಬೆ ನೋಡಲು ಬೀದಿಯ ಮಕ್ಕಳು, ಜಂಬೂ ಸವಾರಿಗೆ ಊರೂರಿನ ನೆಂಟರು, ಅವರೊಂದಿಗೆ ಬಸ್ಸು ರೈಲಿನಲ್ಲಿ ಅಂಟಿಕೊಂಡ ಕೆಮ್ಮು ನೆಗಡಿ. ಹರೆಯದವರನ್ನು ನಾಲ್ಕು ದಿನ ಮಲಗಿಸಿ ಬಿಡುವ ಫ್ಲೂ ಜ್ವರ, ಎಂಬತ್ತರ ಅಜ್ಜಿಯಲ್ಲಿ ನ್ಯುಮೋನಿಯಾಕ್ಕೆ ತಿರುಗಬಹುದು. ಹಾಗೆಂದು ಅಜ್ಜಿಯನ್ನು ಒಳಕೋಣೆಗೆ ಕಳಿಸಿ ಹಬ್ಬ ಮಾಡುವುದು ನನಗೆ ಒಪ್ಪಿಗೆಯಿಲ್ಲ. ನಡವಳಿಕೆ ಬದಲಿಸಿಕೊಳ್ಳಬೇಕಾದವರು ಕರೆಯುವವರು ಮತ್ತು ಬರುವವರು.

ಮೊದಲ ಕೆಲಸ ಫ್ಲೂ ಲಸಿಕೆ. ಅದು ಮೈಗೆ ಹತ್ತಲು ಸುಮಾರು 2 ವಾರ ಬೇಕು. ಆದ್ದರಿಂದ ಗೌರಿ-ಗಣೇಶ ಮುಗಿದ ವಾರವೇ ವೈದ್ಯರನ್ನು ಕಂಡರೆ ಸಮಯ ಸಾಕಾಗುತ್ತದೆ. ವೈರಸ್ ರೂಪ ಬದಲಿಸುತ್ತಿರುವುದರಿಂದ ಫ್ಲೂ ಲಸಿಕೆಯನ್ನು ಪ್ರತಿ ವರ್ಷ ಹಾಕಿಸಬೇಕು. 65 ದಾಟಿದವರಿಗೆ, ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾವನ್ನು ತಡೆಯುವ ನ್ಯುಮೋಕಾಕಲ್ ಲಸಿಕೆಯ ಬಗ್ಗೆಯೂ ಕೇಳಿ. ಹಿರಿಯರ ಜೊತೆಯಲ್ಲೇ ಇರುವ ಮಗ, ಸೊಸೆ, ಮೊಮ್ಮಕ್ಕಳೂ ಫ್ಲೂ ಲಸಿಕೆ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು.

ಎರಡನೆಯದು ಒಂದು ಫೋನ್ ಕರೆ. ಹಬ್ಬಕ್ಕೆ ಬರಬೇಡಿ ಎನ್ನಲು ಯಾರಿಗೂ ನಾಲಿಗೆ ಏಳುವುದಿಲ್ಲ. ಬಾಗಿಲಿಗೆ ಬಂದವರಿಗಂತೂ ಹೇಳಲಾಗದು. ಹಾಗಾಗಿ ಕರೆಯುವಾಗಲೇ ಹೇಳಿಬಿಡಿ: ‘ಯಾರಿಗಾದರೂ ಜ್ವರ, ಗಂಟಲು ನೋವು ಇದ್ದರೆ ವಾಸಿಯಾದ ಮೇಲೆ ಬನ್ನಿ, ಆಗ ಇನ್ನೊಮ್ಮೆ ಒಬ್ಬಟ್ಟು ಮಾಡೋಣ.’ ಫ್ಲೂ ಬಂದವರು ಲಕ್ಷಣ ಕಾಣುವ ಹಿಂದಿನ ದಿನದಿಂದ ಸುಮಾರು ಒಂದು ವಾರ ಸೋಂಕು ಹರಡಬಲ್ಲರು. ಮಕ್ಕಳು ಇನ್ನೂ ಹೆಚ್ಚು ದಿನ. ‘ಬರೀ ನೆಗಡಿ ತಾನೇ’ ಎಂಬ ಮಾತಿಗೆ ಸೋಲಬೇಡಿ. ಬರಲೇಬೇಕಾದ ಅನಿವಾರ್ಯ ಇದ್ದರೆ ಕೆಮ್ಮುವವರು ಮಾಸ್ಕ್ ಹಾಕಲಿ, ಹಿರಿಯರಿಗೆ ದೂರದಿಂದಲೇ ಕೈಮುಗಿಯಲಿ.

ಮನೆಯೊಳಗಿನ ಗಾಳಿಯನ್ನು ನಾವು ಮರೆತೇಬಿಡುತ್ತೇವೆ. ಬೊಂಬೆಯ ಮುಂದಿನ ದೀಪ ಆರದಿರಲೆಂದು ಕಿಟಕಿ ಮುಚ್ಚಿ, ನಡುಮನೆಯಲ್ಲಿ ಇಪ್ಪತ್ತು ಜನ ಕುಳಿತು ಆರತಿ ಹಾಡುತ್ತೇವೆ. ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಸುತ್ತುವುದು ಅದೇ ಗಾಳಿ. ದೀಪಕ್ಕೆ ಮರೆ ಇಡಿ, ಎದುರುಬದುರಿನ ಕಿಟಕಿಗಳನ್ನು ತೆರೆಯಿರಿ. ಹಿರಿಯರ ಕುರ್ಚಿ ಕಿಟಕಿಯ ಬಳಿ ಇರಲಿ. ಜಗಲಿಯೋ ಅಂಗಳವೋ ಇದ್ದರೆ ಅಲ್ಲೇ ಕೂರಿಸಿ, ಬಂದವರು ಅಲ್ಲಿಗೇ ಹೋಗಿ ಮಾತನಾಡಿಸಲಿ. ಹೊರಗಿನಿಂದ ಬಂದವರು ಸೋಪು ಹಚ್ಚಿ 20 ಸೆಕೆಂಡ್ ಕೈ ತೊಳೆಯಲು ಬಾಗಿಲ ಹತ್ತಿರವೇ ನೀರು, ಶುಭ್ರವಾದ ಟವೆಲ್ ಇಡಿ.

ನೆಂಟರು ಹೊರಟ ಮೇಲೆ ಒಂದು ವಾರ ಹಿರಿಯರ ಮೇಲೆ ಕಣ್ಣಿಡಿ. ವಯಸ್ಸಾದವರಿಗೆ ಸೋಂಕು ತಗುಲಿದರೂ ಜ್ವರ ಏರದೇ ಇರಬಹುದು. ಊಟ ಬೇಡವೆನ್ನುವುದು, ತಡವರಿಸಿ ಬೀಳುವುದು, ಇದ್ದಕ್ಕಿದ್ದಂತೆ ಗೊಂದಲದ ಮಾತು, ಇವನ್ನು ‘ಹಬ್ಬದ ಸುಸ್ತು’ ಎಂದು ತಳ್ಳಿಹಾಕಬೇಡಿ. ಫ್ಲೂ ಔಷಧಿ ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಆ್ಯಂಟಿಬಯೋಟಿಕ್ ವೈರಸ್ಸಿಗೆ ನಾಟುವುದೇ ಇಲ್ಲ. ರಕ್ತದ ಆಮ್ಲಜನಕದ ಮಟ್ಟವನ್ನು ಶೇಕಡಾದಲ್ಲಿ ತೋರಿಸುವ ಆಕ್ಸಿಮೀಟರ್ ಇದ್ದರೆ ಬೆರಳು ಬೆಚ್ಚಗಿರುವಾಗ, ಉಗುರುಬಣ್ಣ ತೆಗೆದು ನೋಡಿ. 94ಕ್ಕಿಂತ ಕೆಳಗಿದ್ದರೆ ಅಂದೇ ವೈದ್ಯರ ಬಳಿ ಹೋಗಿ. 90ಕ್ಕಿಂತ ಕಡಿಮೆಯಾದರೆ ಅಥವಾ ಉಸಿರಾಟ ಕಷ್ಟವಾದರೆ ತಕ್ಷಣ 108ಕ್ಕೆ ಕರೆ ಮಾಡಿ. ಜಂಬೂ ಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗಿನ ಹಾದಿಯಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿರುತ್ತದೆ. ಯಾವ ಆಸ್ಪತ್ರೆ, ಯಾವ ದಾರಿ ಎಂಬುದನ್ನು ಹಿಂದಿನ ದಿನವೇ ಮನೆಯವರೆಲ್ಲ ಮಾತಾಡಿಕೊಂಡಿರಿ.