ಅಥರ್ಶಾಸ್ತ್ರ ಅರ್ಥಶಾಸ್ತ್ರವಾದದ್ದು

“ಮೇಡಂ, ನಿಮ್ಮ ನೋಟ್ಸ್ ಓದೋಕೆ ಆಗ್ತಿಲ್ಲ. ಫೋನು ಬರೀ ಇಂಗ್ಲಿಷ್ ಅಕ್ಷರ ಹೇಳ್ತಿದೆ.”

2020ರ ಲಾಕ್‌ಡೌನಿನಲ್ಲಿ ಬಿಎ ಮೊದಲ ವರ್ಷದ ಹುಡುಗನೊಬ್ಬ ಫೋನ್ ಮಾಡಿ ಹೀಗೆಂದ. ಅವನಿಗೆ ಕಣ್ಣು ಕಾಣುವುದಿಲ್ಲ. ಆಂಡ್ರಾಯ್ಡಿನ ಟಾಕ್‌ಬ್ಯಾಕ್ ಓದಿ ಹೇಳಿದ್ದನ್ನು ಕೇಳಿ ಕಲಿಯುತ್ತಾನೆ. ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. 12 ವರ್ಷ ಟೈಪ್ ಮಾಡಿಟ್ಟಿದ್ದ ಟಿಪ್ಪಣಿಗಳನ್ನು ಪಿಡಿಎಫ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿ, ಪಾಠ ತಲುಪಿತು ಅಂದುಕೊಂಡಿದ್ದೆ.

ಟಿಪ್ಪಣಿಗಳು ಹಳೆಯ ಆಸ್ಕಿ ಫಾಂಟಿನಲ್ಲಿದ್ದವು. ಕಣ್ಣಿಗೆ ಕನ್ನಡ, ಕಡತದ ಒಳಗೆ ಇದ್ದದ್ದು ಪಿ, ಕ್ಯೂ ಎಂಬಂಥ ಲ್ಯಾಟಿನ್ ಅಕ್ಷರ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ನಾನು ಕೈಗೆ ಕೂತ ಅಭ್ಯಾಸವನ್ನು ಬಿಟ್ಟಿರಲಿಲ್ಲ. ಕಣ್ಣಿದ್ದವರಿಗೂ ಇದರಿಂದ ತೊಂದರೆಯೇ ಆಗಿತ್ತು. ಆ ಪಿಡಿಎಫಿನಲ್ಲಿ ‘ಬೇಡಿಕೆ’ ಎಂದು ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ.

ಟಿಪ್ಪಣಿಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶಕ್ಕೆ ಹಾಕಿದೆ. ಮೊದಲ ಪುಟದಲ್ಲೇ ‘ಅಥರ್ಶಾಸ್ತ್ರ’ ಎಂದು ಬಂತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರ ಆದಮೇಲೆ ಒತ್ತುತ್ತಿದ್ದೆವು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಂತೆ ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನು ಎಲ್ಲ ಕಡೆಯೂ ತಿರುಗಿಸಿರಲಿಲ್ಲ. ‘ಬ್ಯಾಂಕ್‌ಗಳು’ ಎಂಬುದು ‘ಬ್ಯಾಂಕ್ಗಳು’ ಆಗಿತ್ತು. ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕದಿದ್ದರೆ ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯುತ್ತದೆ. ಹುಡುಕಿ ಬದಲಾಯಿಸುವ ಸೌಲಭ್ಯದಿಂದ ಮುಕ್ಕಾಲು ಪಾಲು ಸರಿಹೋಯಿತು. ಉಳಿದದ್ದನ್ನು ಸಾಲುಸಾಲಾಗಿ ಓದಿ ತಿದ್ದಿದೆ. ಒಂದು ಸೆಮಿಸ್ಟರಿನ ಪಾಠಕ್ಕೆ ಎರಡು ತಿಂಗಳು ಹಿಡಿಯಿತು. ಇದಕ್ಕೆ ಅಡ್ಡದಾರಿ ನನಗಂತೂ ಸಿಗಲಿಲ್ಲ.

ಪಠ್ಯ ಶುದ್ಧವಾದ ಮೇಲೆ ಸಿಜಿಲ್ ಎಂಬ ಉಚಿತ ತಂತ್ರಾಂಶದಲ್ಲಿ ಇಪಬ್ ಮಾಡಿದೆ. ಇಪಬ್ ಎಂದರೆ ಇ-ಪುಸ್ತಕದ ಒಂದು ರೂಪ, ವೆಬ್ ಪುಟಗಳನ್ನು ಒಂದು ಜಿಪ್ ಕಡತದಲ್ಲಿ ಕಟ್ಟಿಟ್ಟಂತೆ. ಸಣ್ಣ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ, ಪುಟವನ್ನು ಎಡಕ್ಕೂ ಬಲಕ್ಕೂ ಎಳೆದಾಡಬೇಕಿಲ್ಲ. ತಲೆಬರಹಗಳನ್ನು ಬರೀ ದಪ್ಪಕ್ಷರ ಮಾಡದೆ ತಲೆಬರಹ ಎಂದೇ ಗುರುತು ಹಾಕಿದೆ. ಹಾಗಿದ್ದರೆ ಟಾಕ್‌ಬ್ಯಾಕಿನಲ್ಲಿ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಜಿಗಿಯಬಹುದು.

ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿದ್ದು ಬೇಡಿಕೆ ರೇಖೆ. ‘ಚಿತ್ರ 3ನ್ನು ನೋಡಿ’ ಎಂದು ಬರೆದಿದ್ದೆ. ನೋಡಲಾಗದವನಿಗೆ ಏನು ಹೇಳುವುದು? ಕೂತು ಬರೆದೆ: “ಕೆಳಗಿನ ಅಂಚು ಪ್ರಮಾಣ, ಎಡದ ಅಂಚು ಬೆಲೆ. ರೇಖೆ ಎಡಗಡೆ ಮೇಲಿಂದ ಹೊರಟು ಬಲಗಡೆ ಕೆಳಗೆ ಇಳಿಯುತ್ತದೆ. ಕಿಲೋ ಟೊಮೆಟೊ 40 ರೂಪಾಯಿ ಇದ್ದಾಗ ಮನೆಗೆ ಒಂದು ಕಿಲೋ, 20 ಆದಾಗ ಎರಡು ಕಿಲೋ.” ಆ ಹುಡುಗ ಅದನ್ನು ಕೇಳಿ, ಅಂಗೈ ಮೇಲೆ ಬೆರಳಲ್ಲಿ ಎಳೆದುಕೊಂಡೆ ಅಂದ. ನನಗೆ ಮಾತು ಹೊರಡಲಿಲ್ಲ. ಎಷ್ಟೋ ವರ್ಷ ಕಪ್ಪುಹಲಗೆಯಲ್ಲಿ ಗೆರೆ ಎಳೆದು ‘ಅರ್ಥವಾಯಿತಾ’ ಎಂದು ಕೇಳಿದ್ದೆ. ಗೆರೆ ಏಕೆ ಇಳಿಯುತ್ತದೆಂದು ಅಷ್ಟು ಬಿಡಿಸಿ ಎಂದೂ ಹೇಳಿರಲಿಲ್ಲ. ಈಗ ತರಗತಿಯಲ್ಲೂ ಮೊದಲು ಮಾತಿನಲ್ಲೇ ರೇಖೆ ಕಟ್ಟಿಕೊಡುತ್ತೇನೆ, ಆಮೇಲೆ ಸೀಮೆಸುಣ್ಣ.

ವಿಡಿಯೋ ಹೆಚ್ಚು ಮಾಡಲಿಲ್ಲ. 40 ನಿಮಿಷದ ವಿಡಿಯೋಕ್ಕೆ ಹಳ್ಳಿಯ ಮಕ್ಕಳ ಡೇಟಾ ಸಾಲುತ್ತಿರಲಿಲ್ಲ. ಎಂಟು–ಹತ್ತು ನಿಮಿಷದ ಧ್ವನಿಪಾಠವನ್ನು ದನ ಮೇಯಿಸುತ್ತಾ ಕೇಳಿದೆವು ಎಂದವರಿದ್ದಾರೆ.

ಪುಸ್ತಕವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದೇನೆ: ಹೆಸರು ಹೇಳಿ, ಬೇಕಾದಂತೆ ಬದಲಿಸಿಕೊಳ್ಳಿ, ಬದಲಿಸಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಿ. ಬರೆದದ್ದನ್ನು ಬಿಟ್ಟಿ ಕೊಡುವುದೇಕೆ ಎಂದು ಕೆಲವು ಸಹೋದ್ಯೋಗಿಗಳು ಕೇಳಿದರು. ಆದರೆ ಮಲೆನಾಡಿನ ಅಧ್ಯಾಪಕರೊಬ್ಬರು ನನ್ನ ಶೇಂಗಾ ಉದಾಹರಣೆಗಳನ್ನು ತೆಗೆದು ಅಡಿಕೆಯದು ಹಾಕಿಕೊಂಡು ಕಳಿಸಿದಾಗ, ಜೊತೆಗೆ ನನ್ನ ಎರಡು ಲೆಕ್ಕದ ತಪ್ಪುಗಳೂ ತಿದ್ದಿ ಬಂದಿದ್ದವು.

ಈಗ ರಾಷ್ಟ್ರೀಯ ವರಮಾನದ ಅಧ್ಯಾಯ ಹಿಡಿದಿದ್ದೇನೆ. ಅದರ ಕೋಷ್ಟಕಗಳದ್ದೇ ಕೆಲಸ. ಸಂಖ್ಯೆಯೊಂದನ್ನು ಓದುವಾಗ ಅದು ಯಾವ ವರ್ಷದ್ದು, ಯಾವ ವಲಯದ್ದು ಎಂದೂ ಫೋನು ಹೇಳಬೇಕಾದರೆ ಪ್ರತಿ ಸಾಲಿಗೂ ಪ್ರತಿ ಕಂಬಕ್ಕೂ ತಲೆಪಟ್ಟಿ ಗುರುತಿಸಬೇಕು. ನಿನ್ನೆ ರಾತ್ರಿ ಮೂರು ಮುಗಿದವು, ಹನ್ನೊಂದು ಬಾಕಿ ಇವೆ.